ಲಂಟಾನ ಕಿತ್ತ ಜಾಗ ಮೂರನೆಯ ವರ್ಷಕ್ಕೆ ಏನಾಗುತ್ತದೆ? ಕೊಡಗಿನ ಬಾಣೆ, ತೋಡು, ಕಾಡಂಚಿನ ಕಳೆಗಳ ಕುರಿತು

ಬಾಳೆಲೆ ಬೆಳೆಗಾರ

ನಮ್ಮ ತೋಟ ಬಾಳೆಲೆಯಿಂದ ಒಳಗೆ, ನಾಗರಹೊಳೆ ಕಾಡಿಗೂ ನಮಗೂ ನಡುವೆ ಆನೆ ಕಂದಕವೊಂದೇ ಇರುವ ಜಾಗದಲ್ಲಿದೆ. ತೋಟದ ಮೇಲ್ಭಾಗದಲ್ಲಿ ಎರಡು ಎಕರೆಯಷ್ಟು ಬಾಣೆ ಇದೆ. ಅಜ್ಜನ ಕಾಲದಲ್ಲಿ ಅಲ್ಲಿ ದನ ಮೇಯುತ್ತಿದ್ದವು, ಗದ್ದೆಗೆ ಬೇಕಾದ ಸೊಪ್ಪೂ ಅಲ್ಲಿಂದಲೇ ಬರುತ್ತಿತ್ತು. ದನಗಳು ಕಡಿಮೆಯಾದವು, ಗದ್ದೆ ಪಾಳು ಬಿತ್ತು, ಬಾಣೆಯ ಕಡೆಗೆ ಹೋಗುವ ಕೆಲಸವೇ ಯಾರಿಗೂ ಇಲ್ಲದಂತಾಯಿತು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಲಂಟಾನ ಎಂಬ ಮುಳ್ಳುಪೊದೆಯ ಕಳೆ ಅದನ್ನು ಎಷ್ಟು ದಟ್ಟವಾಗಿ ಮುಚ್ಚಿತೆಂದರೆ, ಒಳಗೆ ಆನೆ ನಿಂತಿದ್ದರೂ ಹತ್ತು ಅಡಿ ದೂರದಿಂದ ತಿಳಿಯುತ್ತಿರಲಿಲ್ಲ. ಕೆಲಸದವರ ಜೀವದ ಪ್ರಶ್ನೆ ಎಂದುಕೊಂಡು ಮೂರು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಪೂರ್ತಿ ಬಗೆಸಿಬಿಟ್ಟೆ.

ಮೊದಲ ಮಳೆಗೆ ಹುಲ್ಲು ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅದೇ ವರ್ಷ ಹುತ್ತರಿ ಹಬ್ಬದ ಹೊತ್ತಿಗೆ ಹುಲ್ಲಿನ ನಡುವೆ ಬೆರಳುದ್ದದ ಲಂಟಾನ ಸಸಿಗಳು ಸಾಲುಸಾಲಾಗಿ ಎದ್ದಿದ್ದವು. ಎರಡನೆಯ ವರ್ಷ ಅದರ ಜೊತೆಗೆ ಕಮ್ಯುನಿಸ್ಟ್ ಗಿಡವೆಂಬ ಇನ್ನೊಂದು ಕಳೆಯೂ ಬಂದಿತು. ಈಗ ಮೂರನೆಯ ವರ್ಷ. ಕೆಲವು ಕಡೆ ಮೊದಲಿಗಿಂತಲೂ ಒತ್ತಾಗಿ ಬೆಳೆದಿದೆ.

ನನ್ನನ್ನು ನಿಜವಾಗಿ ಕಲಕಿದ್ದು ಬೇರೆಯದೇ ಸಂಗತಿ. ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟಿನ ಮೊದಲ ವಾರದಲ್ಲಿ, ಮಗಳನ್ನು ಕರೆದುಕೊಂಡು, ಆ ದಿನ ಪಾಯಸಕ್ಕೆ ಹಾಕುವ ಮದ್ದು ಸೊಪ್ಪು ತರಲು ತೋಡಿನ (ಸಣ್ಣ ಹಳ್ಳದ) ಬದಿಗೆ ಹೋಗಿದ್ದೆ. ನನಗೆ ಬುದ್ಧಿ ತಿಳಿದಾಗಿನಿಂದ ಅದು ಅದೇ ಜಾಗದಲ್ಲಿ, ಅತ್ತಿ ಮರದ ಕೆಳಗಿನ ತಂಪಿನಲ್ಲಿ, ಮೊಣಕಾಲೆತ್ತರಕ್ಕೆ ಬೆಳೆಯುತ್ತಿತ್ತು. ಈ ಬಾರಿ ಅಲ್ಲಿ ಹೃದಯದಾಕಾರದ ಎಲೆಯ ಬಳ್ಳಿಯೊಂದು ಹಾಸಿಗೆ ಹಾಸಿದಂತೆ ಹಬ್ಬಿತ್ತು. ಅದನ್ನು ಎತ್ತಿ ನೋಡಿದರೆ ಕೆಳಗೆ ಮದ್ದು ಸೊಪ್ಪಿನ ಗಿಡಗಳು ಬಿಳಿಚಿಕೊಂಡು ಮಲಗಿದ್ದವು. ಆ ದಿನ ಪಾಯಸಕ್ಕೆ ಬೇಕಾದ ಸೊಪ್ಪನ್ನು ಪಕ್ಕದ ಮನೆಯಿಂದ ತಂದೆವು.

ಹೀಗಾಗಿ ನನ್ನ ಪ್ರಶ್ನೆ ಇದು. ಕಿತ್ತವರು ಬಹಳ ಮಂದಿ ಇದ್ದಾರೆ, ಆದರೆ ಕಿತ್ತ ಜಾಗವನ್ನು ಮೂರು ನಾಲ್ಕು ವರ್ಷ ಹಾಗೆಯೇ ಉಳಿಸಿಕೊಂಡವರು ಇಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ, ಏನು ಮಾಡಿದಿರಿ ಎಂದು ವಿವರವಾಗಿ ತಿಳಿಸಿ.

ನಿವೃತ್ತ ಅರಣ್ಯ ರಕ್ಷಕ, ಕುಶಾಲನಗರ

ನಿಮ್ಮ ಅನುಭವ ಹೊಸದಲ್ಲ, ಮತ್ತು ಅದು ನಿಮ್ಮೊಬ್ಬರ ತಪ್ಪೂ ಅಲ್ಲ. ಕೊಡಗಿನಲ್ಲಿ ಲಂಟಾನದ ಮೇಲಿನ ಹೋರಾಟಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಬಂಗಲೆಗಳ ಬೇಲಿಗೆ, ಬೇಲಿಯಿಂದ ಹಕ್ಕಿಗಳ ಹೊಟ್ಟೆ ಸೇರಿ ಕಾಡಿಗೆ ಬಂದಿತು. ಇಲ್ಲಿ ಅದರ ಹಾವಳಿ ಎಷ್ಟಿತ್ತೆಂದರೆ, 1914ರಲ್ಲಿಯೇ ಕೊಡಗಿನಲ್ಲಿ ಹಾನಿಕಾರಕ ಕಳೆಗಳ ಕಾಯಿದೆಯೊಂದನ್ನು ತಂದು, ತಮ್ಮ ಜಾಗದ ಲಂಟಾನವನ್ನು ತೆಗೆಯುವ ಹೊಣೆಯನ್ನು ಭೂಮಾಲೀಕರ ಮೇಲೆ ಹೊರಿಸಲಾಗಿತ್ತು. ಕಾಯಿದೆ ಬಂದು ನೂರು ವರ್ಷ ದಾಟಿದರೂ ಗಿಡ ಉಳಿದಿದೆ. ಭಾರತದಲ್ಲಿ ಹುಲಿ ಇರುವ ಕಾಡುಗಳ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಭಾಗದಲ್ಲಿ ಲಂಟಾನ ಇದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವಿಸ್ತೀರ್ಣದಲ್ಲಿ ಅದು ಸುಮಾರು 1,54,000 ಚದರ ಕಿಲೋಮೀಟರ್.

ನಾನು ಸೇವೆಯಲ್ಲಿದ್ದಷ್ಟು ಕಾಲ ಕಣ್ಣಾರೆ ಕಂಡದ್ದು ಒಂದೇ ಮಾತು: ಲಂಟಾನ ಬರುವುದು ಬೆಳಕು ಬಿದ್ದ ಕಡೆಗೆ. ತೇಗದ ನೆಡುತೋಪುಗಳಲ್ಲಿ ಬೇಸಿಗೆಯಲ್ಲಿ ಎಲೆ ಪೂರ್ತಿ ಉದುರುತ್ತದೆ, ನೆಲಕ್ಕೆ ಬಿಸಿಲು ಬೀಳುತ್ತದೆ, ಅಲ್ಲಿ ಲಂಟಾನ. ಬಿದಿರು ಹೂಬಿಟ್ಟು ಒಟ್ಟಿಗೆ ಸತ್ತಾಗ ಮೆಳೆಗಳಿದ್ದ ಜಾಗವೆಲ್ಲ ಬಯಲಾಗುತ್ತದೆ, ಮರು ವರ್ಷ ಬಿದಿರಿನ ಸಸಿಗಿಂತ ಮೊದಲು ಲಂಟಾನ ಎದ್ದಿರುತ್ತದೆ. ಕಾಡು ಮುಚ್ಚಿಕೊಂಡಿರುವ ಕಡೆ, ಬ್ರಹ್ಮಗಿರಿಯ ಮಳೆಕಾಡಿನ ಒಳಗೆ, ನೀವು ಹುಡುಕಿದರೂ ಅದು ಹೆಚ್ಚು ಸಿಗುವುದಿಲ್ಲ. ರಸ್ತೆಯ ಅಂಚಿಗೆ ಬನ್ನಿ, ಸಿಗುತ್ತದೆ. ನೀವು ಜೆಸಿಬಿ ಹಾಕಿಸಿ ಮಾಡಿದ್ದು ಬೆಳಕನ್ನು ಪೂರ್ತಿಯಾಗಿ ತೆರೆದದ್ದು, ಮಣ್ಣನ್ನು ಪೂರ್ತಿಯಾಗಿ ಕದಡಿದ್ದು. ಇವೆರಡಕ್ಕಿಂತ ಹೆಚ್ಚಿನದೇನೂ ಆ ಬೀಜಗಳಿಗೆ ಬೇಕಿರಲಿಲ್ಲ.

ಅರಣ್ಯಶಾಸ್ತ್ರ ವಿದ್ಯಾರ್ಥಿನಿ, ಪೊನ್ನಂಪೇಟೆ

ಹಿರಿಯರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಲಂಟಾನದ ಹಣ್ಣನ್ನು ಪಿಕಳಾರ ಮೊದಲಾದ ಹಕ್ಕಿಗಳು ತಿಂದು ಮರದ ಕೊಂಬೆಯ ಮೇಲೆ ಕುಳಿತು ಹಿಕ್ಕೆ ಹಾಕುತ್ತವೆ. ಆದ್ದರಿಂದ ಕಿತ್ತ ಜಾಗದಲ್ಲಿ ಹೊಸ ಸಸಿಗಳು ಎಲ್ಲೆಂದರಲ್ಲಿ ಸಮನಾಗಿ ಏಳುವುದಿಲ್ಲ. ಒಂಟಿ ಮರಗಳ ಕೆಳಗೆ, ಬೇಲಿಯ ಗೂಟಗಳ ಬುಡದಲ್ಲಿ, ಮಳೆನೀರು ಹರಿಯುವ ಕೊರಕಲುಗಳಲ್ಲಿ ಹೆಚ್ಚಾಗಿ ಏಳುತ್ತವೆ. ನಿಮ್ಮ ಬಾಣೆಯಲ್ಲಿಯೂ ಹಾಗೆಯೇ ಆಗಿದೆಯೇ ಎಂದು ನೋಡಿ. ಹಾಗಿದ್ದರೆ ಎರಡು ಎಕರೆಯನ್ನೂ ಪ್ರತಿ ಸಲ ತಡಕುವ ಅಗತ್ಯವಿಲ್ಲ, ಆ ಜಾಗಗಳನ್ನು ವರ್ಷಕ್ಕೆ ಎರಡು ಬಾರಿ ನೋಡಿ ಸಸಿಗಳನ್ನು ಕೈಯಲ್ಲಿ ಕಿತ್ತರೆ ಬಹುಪಾಲು ಕೆಲಸ ಮುಗಿಯುತ್ತದೆ. ಮಳೆಗಾಲದಲ್ಲಿ ಬೆರಳುದ್ದದ ಸಸಿ ಬೇರು ಸಮೇತ ಸಲೀಸಾಗಿ ಬರುತ್ತದೆ, ಅದೇ ಸಸಿಯನ್ನು ಎರಡು ವರ್ಷ ಬಿಟ್ಟರೆ ಪಿಕಾಸಿ ಬೇಕು.

ಬೆಳೆದ ಗಿಡಕ್ಕೆ ಸದ್ಯ ನಮಗೆ ತಿಳಿದಿರುವ ಒಳ್ಳೆಯ ವಿಧಾನ ಬೇರುಗಡ್ಡೆಯನ್ನು ಕತ್ತರಿಸುವುದು. ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ರೂಪಿಸಿ 2009ರಲ್ಲಿ ಪ್ರಕಟಿಸಿದರು, ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬಳಸಿಯೂ ನೋಡಿದರು. ಗಿಡದ ಕಾಂಡ ನೆಲವನ್ನು ಸೇರುವ ಕಡೆ ಮಣ್ಣನ್ನು ಸ್ವಲ್ಪ ಸರಿಸಿ, ಮೇಲ್ಮೈಯಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ನಂತರ ಇಡೀ ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ ಇಡಬೇಕು, ಬೇರುಗಡ್ಡೆ ಮತ್ತೆ ಮಣ್ಣನ್ನು ಮುಟ್ಟಬಾರದು. ಚಿಗುರುವ ಮೊಗ್ಗುಗಳೆಲ್ಲ ಕಾಂಡ ಮತ್ತು ಬೇರು ಸೇರುವ ಆ ಗಂಟಿನಲ್ಲಿ ಇರುತ್ತವೆ, ಅದರ ಕೆಳಗಿನ ಬೇರಿನಲ್ಲಿ ಅಲ್ಲ. ಕತ್ತಿಯಲ್ಲಿ ನೆಲದ ಮೇಲೆ ಸವರಿದರೆ ಆ ಗಂಟು ಹಾಗೆಯೇ ಉಳಿದು, ಒಂದು ಕಾಂಡವಿದ್ದ ಕಡೆ ಹತ್ತು ಚಿಗುರು ಬರುತ್ತವೆ. ಜೆಸಿಬಿ ಬಗೆದರೆ ಗಂಟು ಹೋಗುತ್ತದೆ ನಿಜ, ಆದರೆ ಆಳದಲ್ಲಿ ಮಲಗಿದ್ದ ಬೀಜ ಮೇಲಕ್ಕೆ ಬರುತ್ತದೆ. ಬೇರು ಕತ್ತರಿಸುವ ವಿಧಾನದಲ್ಲಿ ಮಣ್ಣು ಅಷ್ಟಾಗಿ ಕದಡುವುದಿಲ್ಲ, ಅದೇ ಅದರ ಹೆಚ್ಚಿನ ಗುಣ. ಹಣ್ಣು ಬರುವ ಮೊದಲೇ ಮಾಡಬೇಕು ಎನ್ನುವುದನ್ನು ಮರೆಯಬಾರದು.

ಸೋಮವಾರಪೇಟೆ ಅರೇಬಿಕಾ

ವಿಧಾನ ಒಳ್ಳೆಯದಿರಬಹುದು, ಆದರೆ ಕೆಲಸದವರು ಎಲ್ಲಿದ್ದಾರೆ? ಕಾಫಿ ಕೊಯ್ಲಿಗೇ ಜನ ಸಿಗದ ಕಾಲದಲ್ಲಿ ಬಾಣೆಯ ಪ್ರತಿಯೊಂದು ಪೊದೆಯ ಬುಡ ಬಿಡಿಸಿ ಬೇರು ಕಡಿಯುವುದು ಸಣ್ಣ ಬೆಳೆಗಾರನಿಗೆ ಆಗದ ಮಾತು. ನಾನು ಕಡಿದ ಬುಡಕ್ಕೆ ಗ್ಲೈಫೊಸೇಟ್ ಹಚ್ಚಿಸುತ್ತಿದ್ದೆ, ಅದರಿಂದ ಫಲಿತಾಂಶ ಬಂದಿದೆ. ಕಳೆನಾಶಕ ಎಂದೊಡನೆ ಮುಖ ತಿರುಗಿಸುವುದು ಬೇಡ ಎಂದು ನನ್ನ ವಿನಂತಿ.

ಬಾಳೆಲೆ ಬೆಳೆಗಾರ

ನಿಮ್ಮ ಕಷ್ಟ ನನ್ನದೂ ಹೌದು, ಆದ್ದರಿಂದ ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಗ್ಲೈಫೊಸೇಟ್ ಹಸಿರನ್ನು ಆರಿಸಿ ಕೊಲ್ಲುವುದಿಲ್ಲ. ಲಂಟಾನವನ್ನೂ ಕೊಲ್ಲುತ್ತದೆ, ಅದರ ಜಾಗದಲ್ಲಿ ಬರಬೇಕಾದ ಹುಲ್ಲನ್ನೂ ಮದ್ದು ಸೊಪ್ಪನ್ನೂ ಕೊಲ್ಲುತ್ತದೆ. ಬುಡಕ್ಕೆ ಕುಂಚದಲ್ಲಿ ಹಚ್ಚುವುದಕ್ಕೂ ಬೆನ್ನಿಗೆ ಪಂಪು ಕಟ್ಟಿಕೊಂಡು ಇಳಿಜಾರಿನಲ್ಲಿ ಸಿಂಪಡಿಸುವುದಕ್ಕೂ ಬಹಳ ಅಂತರವಿದೆ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಎರಡನೆಯದನ್ನು. ನಮ್ಮ ತೋಡಿನ ನೀರನ್ನು ಕೆಳಗೆ ಮೂರು ಮನೆಯವರು ಕುಡಿಯುತ್ತಾರೆ. ಅದಲ್ಲದೆ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಲ್ಲಿ, ಗ್ಲೈಫೊಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕವಲ್ಲದೆ ಬಳಸಬಾರದು ಎಂದು ಹೇಳಲಾಗಿದೆ. ಬಾಣೆಯ ವಿಷಯದಲ್ಲಿ ಇನ್ನೂ ವಾದಿಸಬಹುದು, ತೋಡಿನ ಬದಿಯಲ್ಲಿ ಮಾತ್ರ ನಾನು ಅದನ್ನು ಮುಟ್ಟಲಾರೆ.

ತಿತಿಮತಿ ಹಾಡಿಯಿಂದ

ನಾನು ಬೆಟ್ಟ ಕುರುಬ ಸಮುದಾಯದವಳು, ಕಾಲೇಜಿನಲ್ಲಿ ಓದುತ್ತಿದ್ದೇನೆ. ಈ ಚರ್ಚೆಯಲ್ಲಿ ತೋಟದ ಮಾತು ಬಂದಿದೆ, ಕಾಡಿನ ಒಳಗೆ ಬದುಕಿದವರ ಮಾತು ಇನ್ನೂ ಬಂದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿ ಹೇಳುವುದು ಹೀಗೆ. ಮೊದಲು ಬೇಸಿಗೆ ಬಲಿಯುವ ಮೊದಲೇ, ದರಗು ಇನ್ನೂ ತೆಳುವಾಗಿರುವಾಗ, ಅಲ್ಲಲ್ಲಿ ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ಮೊಣಕಾಲಿನಷ್ಟು ಎತ್ತರಕ್ಕೆ ಉರಿದು, ತರಗೆಲೆ ಸುಟ್ಟು, ಮರದ ಬುಡವನ್ನು ಮುಟ್ಟಿ ಆರಿಹೋಗುತ್ತಿತ್ತು. ಮಳೆ ಬಿದ್ದೊಡನೆ ಹುಲ್ಲು ಬರುತ್ತಿತ್ತು, ಗೆಣಸು ಅಗೆಯುವ ಜಾಗ ಕಣ್ಣಿಗೆ ಕಾಣುತ್ತಿತ್ತು, ನಡೆಯಲು ದಾರಿ ಇರುತ್ತಿತ್ತು. ಈಗ ನೂರೆ ಗೆಣಸಿನ ಬಳ್ಳಿ ಹುಡುಕಿಕೊಂಡು ಹೋದರೆ ಲಂಟಾನದ ಮುಳ್ಳಿನ ಒಳಗೆ ತೆವಳಬೇಕು, ತೆವಳಿದರೆ ಎದುರಿಗೆ ಏನಿದೆಯೆಂದು ಗೊತ್ತಾಗುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇದನ್ನೇ ಹೇಳುತ್ತಾರೆ: ತರಗು ಬೆಂಕಿ ನಿಂತ ಮೇಲೆ ಲಂಟಾನ ಏರಿತು ಎಂದು. ಅಲ್ಲಿ ಸಂಶೋಧಕರು ಗುರುತು ಮಾಡಿದ ಜಾಗಗಳನ್ನು 1997ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ನೋಡಿದಾಗ, ಲಂಟಾನ ಇರುವ ಜಾಗಗಳ ಪ್ರಮಾಣ ನೂರಕ್ಕೆ 41ರಿಂದ 81ಕ್ಕೆ ಏರಿತ್ತು. ಬೆಂಕಿಯೇ ಕಾಡಿನ ಶತ್ರು ಎಂದು ನಮಗೆ ಹೇಳುತ್ತಾ ಬಂದವರು, ಹಿರಿಯರಿಗೆ ಬೆಂಕಿಯ ಬಗ್ಗೆ ಏನು ಗೊತ್ತಿತ್ತು ಎಂದು ಒಮ್ಮೆಯೂ ಕೇಳಲಿಲ್ಲ. ಇದು ನನಗೆ ನೋವಿನ ವಿಷಯ.

ನಿವೃತ್ತ ಅರಣ್ಯ ರಕ್ಷಕ, ಕುಶಾಲನಗರ

ತಂಗಿ, ನಿನ್ನ ಮಾತನ್ನು ನಾನು ಒಪ್ಪುತ್ತೇನೆ, ಮತ್ತು ನಾವು ಕೇಳಬೇಕಿತ್ತು ಎಂಬುದನ್ನೂ ಒಪ್ಪುತ್ತೇನೆ. ಬೆಂಕಿ ರೇಖೆ ಕಡಿಯಲು ನಿಮ್ಮ ಹಾಡಿಯ ಹಿರಿಯರೇ ನಮ್ಮ ಜೊತೆಗೆ ಬರುತ್ತಿದ್ದರು. ಗಾಳಿ ಯಾವ ಕಡೆ ತಿರುಗುತ್ತದೆ ಎಂದು ಅವರು ಹೇಳಿದ್ದು ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣಲಿಲ್ಲ.

ಆದರೆ ಇಂದು ಅದೇ ಬೆಂಕಿಯನ್ನು ಅದೇ ಕಾಡಿಗೆ ಹಾಕಲು ಆಗುವುದಿಲ್ಲ ಎನ್ನುವುದನ್ನು ಅನುಭವದಿಂದ ಹೇಳುತ್ತಿದ್ದೇನೆ. ಅಂದು ನೆಲದಲ್ಲಿ ಇದ್ದುದು ದರಗು ಮತ್ತು ಹುಲ್ಲು. ಇಂದು ಇರುವುದು ಆಳೆತ್ತರದ ಒಣ ಲಂಟಾನ, ಅದರ ನಡುವೆ ಎಣ್ಣೆ ಸವರಿದಂತೆ ಉರಿಯುವ ಕಮ್ಯುನಿಸ್ಟ್ ಗಿಡ. ಕೆಲವು ಕಡೆ ಲಂಟಾನ ಮರದ ಕೊಂಬೆಗಳವರೆಗೂ ಹತ್ತಿರುತ್ತದೆ, ಅದು ಬೆಂಕಿಗೆ ಏಣಿ ಇಟ್ಟಂತೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ, ಜ್ವಾಲೆ ಎಷ್ಟು ಎತ್ತರಕ್ಕೆ ಎದ್ದಿತ್ತೆಂದು ಇಡೀ ರಾಜ್ಯವೇ ನೋಡಿದೆ. ಅಂಥ ಬೆಂಕಿಯ ನಂತರ ಮರಗಳು ಸಾಯುತ್ತವೆ, ಇನ್ನಷ್ಟು ಬೆಳಕು ಬೀಳುತ್ತದೆ, ಸುಟ್ಟ ಬುಡದಿಂದ ಲಂಟಾನವೇ ಮೊದಲು ಚಿಗುರುತ್ತದೆ. ಮೊದಲು ಗಿಡವನ್ನು ತೆಗೆದು, ಹುಲ್ಲು ಮರಳಿ ಬಂದು ನಿಂತ ಮೇಲೆ, ಆ ಜಾಗದಲ್ಲಿ ಹಳೆಯ ರೀತಿಯ ತೆಳುಬೆಂಕಿಯ ಬಗ್ಗೆ ನಿಮ್ಮವರೊಂದಿಗೆ ಕುಳಿತು ಮಾತನಾಡುವುದು ಸಾಧ್ಯವಿದೆ. ಈ ಅನುಕ್ರಮ ಹಿಂದುಮುಂದಾಗಬಾರದು.

ತಿತಿಮತಿ ಹಾಡಿಯಿಂದ

ಅನುಕ್ರಮದ ಮಾತು ಸರಿ. ಅಜ್ಜಿಗೆ ಓದಿ ಹೇಳಿದೆ, ಅವರೂ ತಲೆಯಾಡಿಸಿದರು.

ಗಿಡ ತೆಗೆಯುವ ಕೆಲಸಕ್ಕೆ ಜನ ಇಲ್ಲ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಗೂಡಲೂರಿನ ಕಡೆ ಬೆಟ್ಟ ಕುರುಬರು, ಪಣಿಯರು, ಕಾಟ್ಟುನಾಯಕರು ಲಂಟಾನದ ಕಡ್ಡಿಯಿಂದಲೇ ನಿಜವಾದ ಗಾತ್ರದ ಆನೆಗಳನ್ನು ಮಾಡಿದ್ದಾರೆ, ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೂ ಬಂದವು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬಹಳ ವರ್ಷಗಳಿಂದ ಲಂಟಾನದಿಂದ ಕುರ್ಚಿ, ಮೇಜು ಹೆಣೆಯುತ್ತಿದ್ದಾರೆ. ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ತೊಗಟೆ ಸುಲಿದು, ಬಾಗಿಸಿ ಮೊಳೆ ಹೊಡೆಯಬೇಕು. ಗೆದ್ದಲು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇಂಥ ಕೆಲಸಕ್ಕೆ ಯೋಗ್ಯ ಕೂಲಿಯೂ ಕಾಡಿಗೆ ಹೋಗಲು ಅನುಮತಿಯೂ ಇದ್ದರೆ ನಮ್ಮ ಹಾಡಿಗಳಲ್ಲಿ ಜನ ಇದ್ದಾರೆ.

ಅರಣ್ಯಶಾಸ್ತ್ರ ವಿದ್ಯಾರ್ಥಿನಿ, ಪೊನ್ನಂಪೇಟೆ

ಕರಕುಶಲದ ಕೆಲಸವನ್ನು ನಾನು ಮನಸಾರೆ ಗೌರವಿಸುತ್ತೇನೆ. ಜೊತೆಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪೀಠೋಪಕರಣಕ್ಕೆ ಬೇಕಾಗುವುದು ನೇರವಾದ ಗಟ್ಟಿ ಕಡ್ಡಿ. ಅದನ್ನು ಕಡಿದು ತಂದರೆ ಬುಡ ಕಾಡಿನಲ್ಲಿಯೇ ಉಳಿಯುತ್ತದೆ, ಮತ್ತೆ ಚಿಗುರುತ್ತದೆ. ಆದ್ದರಿಂದ ಕಡ್ಡಿ ತೆಗೆಯುವವರಿಗೇ ಬೇರುಗಡ್ಡೆಯನ್ನೂ ತೆಗೆಯುವ ಕೂಲಿಯನ್ನು ಸೇರಿಸಿ ಕೊಡಬೇಕು, ಇಲ್ಲವಾದರೆ ಬಳಕೆ ನಡೆಯುತ್ತದೆಯೇ ಹೊರತು ನಿಯಂತ್ರಣವಾಗುವುದಿಲ್ಲ.

ಕೀಟಗಳನ್ನು ಬಿಟ್ಟು ಲಂಟಾನವನ್ನು ಹತೋಟಿಗೆ ತರಬಹುದಲ್ಲವೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಪ್ರಯತ್ನಗಳು ನಡೆದಿವೆ. 1941ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಬಗೆಯ ಜಾಲರೆಕ್ಕೆ ತಿಗಣೆಯನ್ನು ಡೆಹ್ರಾಡೂನಿಗೆ ತಂದರು. ಅದು ತೇಗದ ಹೂವನ್ನೂ ತಿನ್ನಬಹುದು ಎಂಬ ಭಯದಿಂದ ಸಾಕಿದ ಕೀಟಗಳನ್ನು ನಾಶಮಾಡಲು ಹೇಳಿದರೂ ಕೆಲವು ತಪ್ಪಿಸಿಕೊಂಡವು, ಈಗ ದೇಶದ ಹಲವೆಡೆ ಇವೆ. ಎಲೆ ಬಿಳಿಚಿ ಉದುರುವಷ್ಟು ರಸ ಹೀರುತ್ತವೆ, ಆದರೆ ಮಳೆ ಬಂದರೆ ಗಿಡ ಮತ್ತೆ ಚಿಗುರುತ್ತದೆ. ನಾವು ಲಂಟಾನ ಎನ್ನುವುದು ಒಂದೇ ಕಾಡುಗಿಡವಲ್ಲ, ಯುರೋಪಿನ ಹೂದೋಟಗಳಲ್ಲಿ ಹಲವು ಬಗೆಗಳನ್ನು ಕೂಡಿಸಿ ಮಾಡಿದ ಮಿಶ್ರತಳಿಗಳ ಗುಂಪು. ಒಂದು ತಳಿಗೆ ಒಗ್ಗಿದ ಕೀಟ ಇನ್ನೊಂದಕ್ಕೆ ಒಗ್ಗುವುದಿಲ್ಲ ಎಂಬುದು ಸೋಲಿಗೆ ಒಂದು ಮುಖ್ಯ ಕಾರಣ. ಹಾಗೆಂದು ಕೀಟದ ದಾರಿಯೇ ವ್ಯರ್ಥವೆಂದಲ್ಲ. ಕಾಂಗ್ರೆಸ್ ಗಿಡವನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಮಳೆಗಾಲದಲ್ಲಿ ಅದು ಎಲೆಯನ್ನೆಲ್ಲ ಮುಗಿಸಿದ ಗಿಡಗಳನ್ನು ಕುಶಾಲನಗರದ ಕಡೆಯ ರಸ್ತೆ ಬದಿಯಲ್ಲಿ ನಾನೇ ಕಂಡಿದ್ದೇನೆ.

ಮಕ್ಕಂದೂರು ಹತ್ತಿರದವರು

2018ರ ಆಗಸ್ಟಿನಲ್ಲಿ ನಮ್ಮ ಮೇಲಿನ ಗುಡ್ಡ ಜಾರಿ, ಕಾಲು ಎಕರೆ ಕಾಫಿ ಕೆಳಗೆ ಹೋಯಿತು. ಕೆಂಪು ಮಣ್ಣು ಮಾತ್ರ ಉಳಿದ ಆ ಇಳಿಜಾರಿನಲ್ಲಿ ಮರು ವರ್ಷ ಮೊದಲು ಬಂದದ್ದು ಕಮ್ಯುನಿಸ್ಟ್ ಗಿಡ. ಅದನ್ನು ಕೀಳೋಣವೆಂದು ಹೋದಾಗ ಊರಿನ ಹಿರಿಯರೊಬ್ಬರು ತಡೆದರು. ಬೇರೆ ಏನೂ ಇಲ್ಲದ ಕಡೆ ಸದ್ಯಕ್ಕೆ ಮಣ್ಣು ಹಿಡಿದಿರುವುದು ಅದೇ, ಅದರ ನಡುವೆ ಬೇರೆ ಗಿಡ ನೆಟ್ಟು ಆಮೇಲೆ ಇದನ್ನು ಸ್ವಲ್ಪ ಸ್ವಲ್ಪವಾಗಿ ತೆಗೆ ಎಂದರು. ಲಾವಂಚ, ಬಿದಿರು, ಅತ್ತಿ ಹಾಕಿದೆವು. ಅತ್ತಿ ಈಗ ಮನೆಯೆತ್ತರ ಬೆಳೆದಿದೆ, ಅದರ ನೆರಳಿನಲ್ಲಿ ಕಮ್ಯುನಿಸ್ಟ್ ಗಿಡ ತಾನಾಗಿಯೇ ತೆಳುವಾಗುತ್ತಿದೆ. ಎಲ್ಲ ಕಡೆಯೂ ಮೊದಲ ಕೆಲಸ ಕೀಳುವುದೇ ಆಗಬೇಕಿಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಸೋಮವಾರಪೇಟೆ ಅರೇಬಿಕಾ

ನೆರಳಿನ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ಕಳೆನಾಶಕದ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ, ಆದರೆ ಒಂದನ್ನು ಒಪ್ಪಿಕೊಳ್ಳಬೇಕು. ಅರೇಬಿಕಾಕ್ಕೆ ಕಾಂಡಕೊರಕದ ಭಯದಿಂದ ನಾವು ನೆರಳನ್ನು ಹೆಚ್ಚಾಗಿ ಉಳಿಸಿಕೊಂಡಿದ್ದೇವೆ, ಅಂಥ ಪಟ್ಟೆಗಳಲ್ಲಿ ಕಳೆ ತೆಗೆಯುವ ಖರ್ಚು ಯಾವಾಗಲೂ ಕಡಿಮೆ. ರೋಬಸ್ಟಾ ಹಾಕಿದ ಕಡೆ ಇಳುವರಿಗೆಂದು ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಹೆಚ್ಚು ಬೆಳಕು ಬಿಟ್ಟೆವು, ಅಲ್ಲಿ ವರ್ಷಕ್ಕೆ ಎರಡು ಸಲ ಇದ್ದ ಕಳೆ ಕೆಲಸ ನಾಲ್ಕು ಸಲವಾಯಿತು. ಬೀಟೆ, ನಂದಿ, ಹೆಬ್ಬಲಸು ಇದ್ದ ಕಡೆ ಸಿಲ್ವರ್ ಓಕ್ ಬಂದ ಮೇಲೆ ನೆಲದ ಮೇಲಿನ ನೆರಳೂ ಬದಲಾಯಿತು. ಅದು ನೇರವಾಗಿ ಮೇಲಕ್ಕೆ ಹೋಗುವ ಮರ, ಹರಡಿ ಮುಚ್ಚುವುದಿಲ್ಲ. ಕಡಿಯಲು ತೊಂದರೆ ಕಡಿಮೆ, ಮೆಣಸಿನ ಬಳ್ಳಿಗೆ ಒಳ್ಳೆಯದು ಎಂದು ಎಲ್ಲರೂ ಅದನ್ನೇ ನೆಟ್ಟೆವು.

ನಿವೃತ್ತ ಅರಣ್ಯ ರಕ್ಷಕ, ಕುಶಾಲನಗರ

ಈ ಚರ್ಚೆಯಲ್ಲಿ ಎಲ್ಲರೂ ಲಂಟಾನವನ್ನೇ ನೋಡುತ್ತಿದ್ದೇವೆ. ಅದಕ್ಕಿಂತ ಹೆಚ್ಚಿನ ಆತಂಕ ನನಗೆ ಸೆನ್ನಾ ಮರದ ಬಗ್ಗೆ ಇದೆ. ನೆರಳಿಗೂ ಹೂವಿನ ಅಂದಕ್ಕೂ ಎಂದು ತಂದು ನೆಟ್ಟ ಈ ಅಮೆರಿಕ ಮೂಲದ ಹಳದಿ ಹೂವಿನ ಮರ ವಯನಾಡು, ಮುದುಮಲೆ, ಬಂಡೀಪುರಗಳಲ್ಲಿ ಹಬ್ಬಿ, ನಾಗರಹೊಳೆಗೂ ಕಾಲಿಟ್ಟಿದೆ. ಲಂಟಾನ ನೆರಳಿನಲ್ಲಿ ಸೊರಗುತ್ತದೆ, ಇದಾದರೋ ತಾನೇ ಮರವಾಗಿ ಉಳಿದದ್ದಕ್ಕೆಲ್ಲ ನೆರಳು ಹಾಕುತ್ತದೆ. ಅದರ ಕೆಳಗೆ ಹುಲ್ಲು ಇರುವುದಿಲ್ಲ, ಹುಲ್ಲಿಲ್ಲದ ಕಡೆ ಜಿಂಕೆಗೂ ಕಾಟಿಗೂ ಮೇವಿಲ್ಲ. ಕಡಿದರೆ ಬುಡದಿಂದ ಗೊಂಚಲಾಗಿ ಚಿಗುರುತ್ತದೆ. ಕೇರಳದಲ್ಲಿ ಬುಡದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ತೊಗಟೆಯನ್ನು ಪೂರ್ತಿ ಸುಲಿದು, ಮರ ನಿಂತಲ್ಲಿಯೇ ಒಣಗುವಂತೆ ಮಾಡುವ ಕ್ರಮ ಬಂದಿದೆ. ಸುಲಿದ ಭಾಗದಲ್ಲಿ ಒಂದು ಬೆರಳಗಲ ಹಸಿ ತೊಗಟೆ ಉಳಿದರೂ ಮರ ಸಾಯುವುದಿಲ್ಲ, ಕೆಳಗಿನಿಂದ ಬಂದ ಚಿಗುರನ್ನು ಆಗಾಗ ತೆಗೆಯುತ್ತಿರಬೇಕು. ತಮಿಳುನಾಡಿನಲ್ಲಿ ಕಡಿದ ಸೆನ್ನಾವನ್ನು ಕಾಗದದ ಕಾರ್ಖಾನೆಗೆ ಕಳುಹಿಸುವ ವ್ಯವಸ್ಥೆಯೂ ಆಗಿದೆ.

ಇದನ್ನು ಕಕ್ಕೆ ಮರವೆಂದು ತಿಳಿದು ಅಂಗಳದಲ್ಲಿ ನೆಡುವವರಿದ್ದಾರೆ, ಆದ್ದರಿಂದ ವ್ಯತ್ಯಾಸ ಹೇಳುತ್ತೇನೆ. ನಮ್ಮ ಕಕ್ಕೆ ಬೇಸಿಗೆಯಲ್ಲಿ ಹೂ ಬಿಡುತ್ತದೆ, ಹೂಗೊಂಚಲು ಹಾರದಂತೆ ಕೆಳಕ್ಕೆ ಜೋಲುತ್ತದೆ, ಎಲೆಯ ದಳಗಳು ಅಗಲವಾಗಿ ಕೆಲವೇ ಜೋಡಿ ಇರುತ್ತವೆ, ಕಾಯಿ ಕೋಲಿನಂತೆ ದಪ್ಪ. ಸೆನ್ನಾ ಮಳೆ ಇಳಿಯುವ ಕಾಲಕ್ಕೆ ಹೂ ಬಿಡುತ್ತದೆ, ಗೊಂಚಲು ಮೇಲಕ್ಕೆ ನೆಟ್ಟಗೆ ನಿಲ್ಲುತ್ತದೆ, ಎಲೆಯ ದಳಗಳು ಕಿರಿದಾಗಿ ಹತ್ತಕ್ಕೂ ಹೆಚ್ಚು ಜೋಡಿ, ಕಾಯಿ ತೆಳು. ಅಂಗಳದಲ್ಲಿ ಎರಡು ಮರವಿದ್ದರೆ ಇಂದೇ ತೆಗೆಯಿರಿ. ಕಾಡಿನಲ್ಲಿ ಎರಡು ಸಾವಿರವಾದ ಮೇಲೆ ತೆಗೆಯುವುದಕ್ಕಿಂತ ಅದು ಸುಲಭ.

ಬಾಳೆಲೆ ಬೆಳೆಗಾರ

ಎಲ್ಲರಿಗೂ ಕೃತಜ್ಞತೆಗಳು. ನೀವು ಹೇಳಿದ್ದನ್ನೆಲ್ಲ ಇಟ್ಟುಕೊಂಡು ನಿನ್ನೆ ಬಾಣೆಯನ್ನು ಮತ್ತೊಮ್ಮೆ ನಡೆದು ನೋಡಿದೆ. ವಿದ್ಯಾರ್ಥಿನಿ ಹೇಳಿದ್ದು ಅಕ್ಷರಶಃ ನಿಜ. ಬಾಣೆಯ ನಡುವೆ ಜೆಸಿಬಿ ಬಿಟ್ಟುಹೋದ ಒಂದು ನೇರಳೆ ಮರವಿದೆ. ಅದರ ಕೊಂಬೆ ಚಾಚಿದಷ್ಟು ದೂರ, ದುಂಡಗೆ ಗೆರೆ ಎಳೆದಂತೆ, ಲಂಟಾನ ಒತ್ತಾಗಿ ನಿಂತಿದೆ, ಅದರಾಚೆಗೆ ತೆಳು. ನೇರಳೆಯನ್ನು ಕಡಿಯುವ ಮಾತಿಲ್ಲ, ಅದರ ಬುಡದಲ್ಲಿಯೇ ಮೊದಲ ಕೆಲಸ.

ಮೂರು ವರ್ಷಗಳ ಹಿಂದೆ ಕೀಳುವುದನ್ನೇ ಕೆಲಸವೆಂದುಕೊಂಡೆ, ಇಟ್ಟಿದ್ದ ಹಣವನ್ನೆಲ್ಲ ಒಂದು ವಾರದ ಯಂತ್ರಕ್ಕೆ ಸುರಿದೆ. ಅದೇ ಹಣವನ್ನು ನಾಲ್ಕು ಭಾಗ ಮಾಡಿ, ನಾಲ್ಕು ಮಳೆಗಾಲಕ್ಕೆ ಹಂಚಿ, ವರ್ಷಕ್ಕೆ ಅರ್ಧ ಎಕರೆಯಂತೆ ಬೇರು ಕಡಿಸಿ ಅಲ್ಲಿ ಮರ ನೆಟ್ಟಿದ್ದರೆ, ಇಂದು ಒಂದೂವರೆ ಎಕರೆ ನೆರಳಿನ ದಾರಿ ಹಿಡಿದಿರುತ್ತಿತ್ತು. ಈ ವರ್ಷದಿಂದ ಹಾಗೆ ಮಾಡುತ್ತೇನೆ. ತೋಟಕ್ಕೆ ತಗುಲಿದ ಕಡೆಯಿಂದ, ಅಂದರೆ ಈಗಾಗಲೇ ನೆರಳಿರುವ ಅಂಚಿನಿಂದ ಆರಂಭಿಸಿ ಮೇಲಕ್ಕೆ ಹೋಗುವುದು. ಹೊನ್ನೆ, ನಂದಿ, ಮತ್ತಿ, ಹಲಸು ನೆಡುವುದು. ಹಲಸು ಆನೆಯನ್ನು ಕರೆಯುತ್ತದೆ ಎಂದು ಮನೆಯವರ ತಕರಾರು ಇದೆ, ಅದು ನ್ಯಾಯವಾದ ತಕರಾರು, ಆದ್ದರಿಂದ ಕಂದಕದ ಕಡೆ ಹಲಸು ಹಾಕುವುದಿಲ್ಲ.

ಇನ್ನು ತೋಡಿನ ಬಳ್ಳಿಯ ವಿಷಯ ಉಳಿಯಿತು. ಅದು ಮೈಕೇನಿಯಾ ಎಂದು ಇಲ್ಲಿ ಯಾರಾದರೂ ಖಚಿತಪಡಿಸಬಹುದೇ? ಗಿಣ್ಣು ಗಿಣ್ಣಿನಲ್ಲಿ ಬೇರು ಬಿಟ್ಟಿದೆ, ಕಾಫಿ ಗಿಡದ ಮೇಲೂ ಹತ್ತಿದೆ.

ಅರಣ್ಯಶಾಸ್ತ್ರ ವಿದ್ಯಾರ್ಥಿನಿ, ಪೊನ್ನಂಪೇಟೆ

ನಿಮ್ಮ ವಿವರಣೆಯಂತೆ ಅದು ಮೈಕೇನಿಯಾವೇ ಇರಬೇಕು. ಮಳೆ ಮುಗಿದ ಮೇಲೆ ಬಿಳಿ ಸಣ್ಣ ಹೂಗಳು ಗೊಂಚಲಾಗಿ ಬಂದರೆ ಸಂಶಯ ಬೇಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈಶಾನ್ಯ ಭಾರತದ ವಿಮಾನ ನಿಲ್ದಾಣಗಳನ್ನು ಶತ್ರುಗಳ ಕಣ್ಣಿನಿಂದ ಮರೆಮಾಡಲು ಇದನ್ನು ತಂದರು ಎನ್ನುತ್ತಾರೆ. ಕೇರಳದಲ್ಲಿ ಇದಕ್ಕೆ ಧೃತರಾಷ್ಟ್ರ ಪಚ್ಚ ಎಂಬ ಹೆಸರಿದೆ, ಅಪ್ಪಿದ್ದನ್ನು ಬಿಡುವುದಿಲ್ಲ ಎಂಬ ಅರ್ಥದಲ್ಲಿ. ಇದರ ಮೇಲೆ ಬೆಳೆಯುವ ತುಕ್ಕುರೋಗದ ಶಿಲೀಂಧ್ರವೊಂದನ್ನು ಅಸ್ಸಾಂ ಮತ್ತು ಕೇರಳದಲ್ಲಿ ಬಿಟ್ಟು ನೋಡಿದ್ದರು, ನೆಲೆನಿಲ್ಲಲಿಲ್ಲ. ಹೀಗಾಗಿ ಕೈಕೆಲಸವೇ ಗತಿ.

ದಯವಿಟ್ಟು ಅಲ್ಲಿ ಕಳೆ ಕೊಚ್ಚುವ ಯಂತ್ರವನ್ನು ಬಳಸಬೇಡಿ. ಗಿಣ್ಣು ಇರುವ ಪ್ರತಿಯೊಂದು ತುಂಡೂ ಹೊಸ ಗಿಡವಾಗುತ್ತದೆ, ಯಂತ್ರ ಒಂದು ಬಳ್ಳಿಯನ್ನು ನೂರು ತುಂಡು ಮಾಡುತ್ತದೆ, ತೋಡಿನ ನೀರು ಆ ತುಂಡುಗಳನ್ನು ಕೆಳಗಿನ ಎಲ್ಲ ತೋಟಗಳಿಗೆ ಹಂಚುತ್ತದೆ. ಹೂ ಬರುವ ಮೊದಲು, ಅಂದರೆ ತುಲಾ ಸಂಕ್ರಮಣದ ಒಳಗೆ, ಬುಡ ಹುಡುಕಿ ಬೇರು ಸಮೇತ ಎಳೆಯಿರಿ. ಮೇಲಿನ ಅಂಚಿನಿಂದ ಆರಂಭಿಸಿ ನೀರು ಹರಿಯುವ ದಿಕ್ಕಿನಲ್ಲಿ ಕೆಳಕ್ಕೆ ಬನ್ನಿ. ಎಳೆದ ಬಳ್ಳಿಯನ್ನು ಮಣ್ಣಿನ ಮೇಲೆ ರಾಶಿ ಹಾಕಬಾರದು, ಬಂಡೆಯ ಮೇಲೋ ಟಾರ್ಪಾಲಿನ ಮೇಲೋ ಹರಡಿ ಪೂರ್ತಿ ಗರಿಗರಿಯಾಗುವವರೆಗೆ ಒಣಗಿಸಿ. ಮೂರು ವಾರಕ್ಕೊಮ್ಮೆ ಮತ್ತೆ ನೋಡಿ. ಮೊದಲ ವರ್ಷ ನಾಲ್ಕೈದು ಸಲ ಹೋಗಬೇಕಾಗುತ್ತದೆ.

ತಿತಿಮತಿ ಹಾಡಿಯಿಂದ

ಮದ್ದು ಸೊಪ್ಪಿನ ಬಗ್ಗೆ ಅಜ್ಜಿ ಒಂದು ಮಾತು ಹೇಳಿ ಕಳುಹಿಸಿದ್ದಾರೆ. ಬಳ್ಳಿಯ ಅಡಿಯಲ್ಲಿ ಬಿಳಿಚಿಕೊಂಡಿರುವ ಗಿಡಗಳನ್ನು ಸತ್ತವೆಂದು ಕೀಳಬಾರದಂತೆ. ಬಳ್ಳಿ ತೆಗೆದೊಡನೆ ಒಮ್ಮೆಲೇ ಬಿಸಿಲು ಬಿದ್ದರೆ ಎಲೆ ಸುಟ್ಟುಹೋಗುತ್ತದೆ, ಆದ್ದರಿಂದ ಮೋಡ ಇರು­ವ ದಿನ ನೋಡಿ ತೆಗೆದು, ನಾಲ್ಕು ದಿನ ಮೇಲೆ ಸೊಪ್ಪಿನ ಕೊಂಬೆ ಮುಚ್ಚಿಡಬೇಕಂತೆ. ಗಟ್ಟಿಯಾಗಿ ಉಳಿದ ಕಾಂಡವಿದ್ದರೆ ಗೇಣುದ್ದ ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ತೋಡಿನ ಬದಿಯ ಹಸಿ ನೆಲದಲ್ಲಿ ಊರಿ. ಮಳೆ ಇರುವಾಗಲೇ ಮಾಡಿದರೆ ಬೇರು ಹಿಡಿಯುತ್ತದೆ. ನಿಮ್ಮಲ್ಲಿ ಕಾಂಡ ಸಾಲದಿದ್ದರೆ ನಮ್ಮ ಹಾಡಿಯ ಕೆಳಗಿನ ತೋಡಿನಲ್ಲಿ ಬೇಕಾದಷ್ಟು ಇದೆ, ಮಗಳನ್ನೂ ಕರೆದುಕೊಂಡು ಬನ್ನಿ.

ಬಾಳೆಲೆ ಬೆಳೆಗಾರ

ಭಾನುವಾರ ಬೆಳಿಗ್ಗೆ ಬರುತ್ತೇವೆ. ಬಳ್ಳಿಯನ್ನು ನಿನ್ನೆ ಮತ್ತು ಇವತ್ತು ಅತ್ತಿ ಮರದ ಕೆಳಗಿನಷ್ಟು ಮಾತ್ರ ತೆಗೆದಿದ್ದೇವೆ, ಮೋಡ ಇತ್ತು. ಹನ್ನೊಂದು ಗಿಡಗಳು ಜೀವಂತ ಸಿಕ್ಕಿವೆ. ಮಗಳು ಪ್ರತಿಯೊಂದರ ಪಕ್ಕದಲ್ಲಿಯೂ ಒಂದು ಕಡ್ಡಿ ನೆಟ್ಟು, ಮೇಲೆ ಹಾಲುವಾಣದ ಸೊಪ್ಪು ಹೊದಿಸಿದ್ದಾಳೆ.